ಸಾಹುಕಾರರ ಕೊನೆಯ ಕಂತು

ಬಸಲಿಂಗಪ್ಪ ಸಾಹುಕಾರರು ಅಳುವುದಕ್ಕೆ ಮೊದಲೇ ತಯಾರಿ ಮಾಡಿಕೊಂಡು ಕೂರುತ್ತಿದ್ದರು. ಹೆಗಲ ಮೇಲಿನ ಟವೆಲು ತೆಗೆದು ಮಡಿಚಿ ತೊಡೆಯ ಮೇಲಿಟ್ಟುಕೊಳ್ಳುವರು, ಕನ್ನಡಕ ಒರೆಸುವರು, ಆಮೇಲೆ ವಿಡಿಯೊ ಹಚ್ಚಲು ಮಗಳಿಗೆ ಸನ್ನೆ ಮಾಡುವರು. ಉರ್ದು ನಾಟಕದ ಹುಡುಗಿಯೊಬ್ಬಳು ಟೀವಿಯಲ್ಲಿ ಸುಮ್ಮನೆ ಕಿಟಕಿಯ ಹತ್ತಿರ ಹೋಗಿ ನಿಂತರೂ ಸಾಕು, ಸಾಹುಕಾರರ ಮೂಗು ಕೆಂಪಗಾಗುತ್ತಿತ್ತು. ಗಿರಣಿಯಲ್ಲಿ ಹಮಾಲರ ಎದೆ ನಡುಗಿಸುವ ಮನುಷ್ಯ ಹೀಗೆ ಮುಸುಮುಸು ಅಳುವುದನ್ನು ನೋಡುವುದೇ ನನಗೆ ನಾಟಕಕ್ಕಿಂತ ಮಜವಾಗಿತ್ತು.

ಅವರು ಮೂಲತಃ ಬಾಗಲವಾಡದವರು. ಮಾನ್ವಿ ರಸ್ತೆಯಲ್ಲಿ ಅಕ್ಕಿ ಗಿರಣಿ, ರಾಯಚೂರಿನಲ್ಲಿ ಮನೆ. ನಿಜಾಮರ ಕಾಲದಲ್ಲಿ ಉರ್ದು ಶಾಲೆಯಲ್ಲಿ ಕಲಿತವರಾದ್ದರಿಂದ ಕೊರಳಲ್ಲಿ ಲಿಂಗ, ನಾಲಗೆಯಲ್ಲಿ ಉರ್ದು. ವಚನದ ಪುಸ್ತಕವನ್ನು ಅಕ್ಷರ ಕೂಡಿಸಿಕೊಂಡು ಓದುತ್ತಿದ್ದರು. ಉರ್ದು ಪತ್ರಿಕೆಯನ್ನಾದರೆ ಚಹಾ ಆರುವುದರೊಳಗೆ ಮುಗಿಸುತ್ತಿದ್ದರು. ಎಂಬತ್ತರ ದಶಕದ ನಡುವಿನಲ್ಲಿ ನಮ್ಮ ಊರಿಗೆ ವಿಡಿಯೊ ಬಂದಾಗ ಎಲ್ಲರೂ ಹೊಡೆದಾಟದ ಸಿನಿಮಾ ತಂದರೆ, ಇವರು ತೀನ್ ಕಂದೀಲ್ ಚೌಕದ ಹತ್ತಿರದ ಅಂಗಡಿಯಿಂದ ಗಡಿಯಾಚೆಯ ಉರ್ದು ನಾಟಕಗಳನ್ನು ಬಾಡಿಗೆಗೆ ತರಿಸಿದರು. ಸೌದಿಗೆ ದುಡಿಯಲು ಹೋದವರು ತಂದ ಕ್ಯಾಸೆಟ್ಟು, ಅದರ ನಕಲು, ಆ ನಕಲಿನ ನಕಲು. ರಾಯಚೂರು ಮುಟ್ಟುವ ಹೊತ್ತಿಗೆ ನಾಯಕಿಯ ಮುಖದ ಮೇಲೆ ಗೆರೆಗಳ ಮಳೆ ಸುರಿಯುತ್ತಿತ್ತು. ನಮ್ಮೂರಲ್ಲಿ ಅಂಥ ಮಳೆ ಅಲ್ಲಿ ಮಾತ್ರ ಕಾಣುತ್ತಿತ್ತು.

ನನ್ನ ಅಪ್ಪ ಆ ಗಿರಣಿಯಲ್ಲಿ ಮೂಟೆ ಹೊರುತ್ತಿದ್ದ. ಸಾಹುಕಾರರ ಮಗಳು ಸುಮಂಗಲಾ ಕಾಲೇಜಿನಲ್ಲಿ ನನ್ನ ಪಕ್ಕವೇ ಕೂರುತ್ತಿದ್ದಳು. ಕಾಲೇಜಿನಲ್ಲಿ ಒಂದೇ ಬೆಂಚು, ಅವರ ಮನೆಯಲ್ಲಿ ಮಾತ್ರ ನನ್ನ ಜಾಗ ಹೊಸ್ತಿಲಾಚೆಯ ಕಟ್ಟೆ. ಮೊದಲ ದಿನ ನಾನು ಕತ್ತು ಉದ್ದ ಮಾಡಿ ನೋಡುತ್ತಿರುವುದು ಸಾಹುಕಾರರ ಕಣ್ಣಿಗೆ ಬಿತ್ತು.

"ಕಾಣಾಕತ್ತದೇನವ್ವಾ?"

"ಅರ್ಧ ಕಾಣ್ತದ್ರೀ."

ಪಾಪ, ಬಹಳ ನೊಂದುಕೊಂಡರು. ತಾವೇ ಎದ್ದು, ಉಸಿರು ಬಿಗಿಹಿಡಿದು, ಆ ಭಾರದ ಟೀವಿಯನ್ನು ಮೇಜಿನ ಸಮೇತ ಬಾಗಿಲ ಕಡೆ ತಿರುಗಿಸಿದರು. ನನ್ನನ್ನು ಒಳಗೆ ಕರೆಯುವುದು ಅದಕ್ಕಿಂತ ಹಗುರದ ಕೆಲಸವೆಂದು ಅವರಿಗೆ ಹೊಳೆಯಲೇ ಇಲ್ಲ. ಅವರ ಒಳ್ಳೆಯತನ ಎಷ್ಟು ದೂರ ಬರುತ್ತದೆಂದು ನನಗೆ ಅವತ್ತೇ ತಿಳಿಯಿತು.

ಕ್ಯಾಸೆಟ್ಟು ಮುಗಿದ ಮೇಲೆ ಅವರ ವಿಮರ್ಶೆ ಶುರುವಾಗುತ್ತಿತ್ತು. ಅದನ್ನು ತಪ್ಪಿಸಿಕೊಂಡು ಎದ್ದು ಹೋಗುವ ಧೈರ್ಯ ಯಾರಿಗೂ ಇರಲಿಲ್ಲ.

"ಹಿಂದಿ ಸಿನಿಮಾದಾಗ ಒಬ್ಬಾಂವ ಮಾತಾಡೋದ್ರಾಗ ಇನ್ನೊಬ್ಬಾಂವ ಕೆನ್ನಿಗೆ ಬಾರಸ್ತಾನ. ಇಲ್ಲಿ ನೋಡ್ರಿ, ಒಬ್ಬರ ಮಾತು ಮುಗಿಯೋತನಾ ಇನ್ನೊಬ್ಬರು ಕಾಯ್ತಾರ. ಮಗಳು ಅಪ್ಪಗ ಎದುರು ಮಾತಾಡಿದ್ರೂ ಎಷ್ಟು ಅದಬಿನಿಂದ, ಎಷ್ಟು ಮರ್ಯಾದಿಂದ ಮಾತಾಡ್ತಾಳ! ಹಂಗ ಕೇಳಿದ್ರ ಯಾವ ಅಪ್ಪ ಇಲ್ಲ ಅಂತಾನ?"

ದೋಷಗಳನ್ನೂ ಬಿಡುತ್ತಿರಲಿಲ್ಲ. "ಒಂದ ಕೋಣಿ, ಒಂದ ಸೋಫಾ. ಗಂಡಸ್ರು ಯಾರೂ ದುಡಿಯಂಗಿಲ್ಲ. ಹೊಲ ಇಲ್ಲ, ಗಿರಣಿ ಇಲ್ಲ, ಬರೇ ಚಾ ಕುಡೀತಾರ. ಮಾತು ತೀರಿತಂದ್ರ ಅಪ್ಪಗ ಎದಿನೋವು ಬರಸ್ತಾರ. ಆಮ್ಯಾಲ ಆ ಕೊನೀ ಕಂತು! ಅಲ್ಲೀತನಾ ಹುಡುಗಿ ಹುಲಿ, ಕೊನೀ ಕಂತಿನ್ಯಾಗ ಇಲಿ. ಬರದಾಂವ ಅಂಜುಬುರಕ!"

ಒಳಗಿನಿಂದ ಅವರ ಹೆಂಡತಿ ಗೌರವ್ವ ಏನಾದರೂ ಹೇಳಲು ಬಾಯಿ ತೆಗೆದರೆ "ಏ, ನೀ ಸುಮ್ನಿರು" ಎಂದು ಅರ್ಧಕ್ಕೇ ತುಂಡರಿಸಿ, ಒಬ್ಬರ ಮಾತು ಮುಗಿಯುವ ತನಕ ಇನ್ನೊಬ್ಬರು ಕಾಯುವ ಸಂಸ್ಕಾರದ ಬಗ್ಗೆ ಮುಂದುವರಿಸುತ್ತಿದ್ದರು. ಗೌರವ್ವ ನನ್ನ ಕೈಗೆ ತಿನ್ನಲು ಒಂದು ಹಿಡಿ ಮಂಡಾಳು ಹಾಕುತ್ತ ಮೆಲ್ಲಗೆ ಹೇಳುತ್ತಿದ್ದಳು: "ಟೀವ್ಯಾಗಿನ ಹೆಂಗಸು ಮಾತಾಡಿದ್ರ ಹಿಂದಕ್ಕ ತಿರುಗಿಸಿ ಇನ್ನೊಮ್ಮೆ ಕೇಳ್ತಾರವ್ವಾ. ನನ್ನ ಮಾತು ಮುಂದಿಂದೂ ಇಲ್ಲ, ಹಿಂದಿಂದೂ ಇಲ್ಲ."

ಸುಮಂಗಲಾ ಮಾತ್ರ ಎಲ್ಲವನ್ನೂ ಕಿವಿಗೊಟ್ಟು ಕೇಳುತ್ತಿದ್ದಳು. ನಮ್ಮ ಓಣಿಯ ದಖನಿ ಉರ್ದು ಎಲ್ಲರಿಗೂ ಬರುತ್ತಿತ್ತು. ಇವಳು ನಾಟಕದ ಆ ನಯವಾದ ಉರ್ದುವನ್ನೇ ಕಲಿತಳು. ಅಪ್ಪನಿಗೆ ಅದೇ ದೊಡ್ಡ ಹೆಮ್ಮೆ. ಬಂದವರ ಮುಂದೆಲ್ಲ ಅವಳಿಂದ ನಾಲ್ಕು ಮಾತು ಆಡಿಸಿ ತೋರಿಸುತ್ತಿದ್ದರು.

ನಾವು ಬಿ.ಎ. ಕೊನೆಯ ವರ್ಷದಲ್ಲಿದ್ದಾಗ ದೇವದುರ್ಗದಿಂದ ಅವಳಿಗೆ ಗಂಡು ಬಂತು. ಕಾಳಿನ ವ್ಯಾಪಾರದ ಮನೆತನ. ಪರೀಕ್ಷೆಗಿಂತ ಮೊದಲೇ ಮದುವೆಯಾಗಬೇಕು, ಆಮೇಲೆ ಓದು ಬೇಡ ಎಂದರು. ಸಾಹುಕಾರರು ಅವಳನ್ನು ಕೇಳದೆಯೇ ಹೂಂ ಅಂದು ಬಂದರು. ಸುಮಂಗಲಾಗೆ ಬಿ.ಎ. ಮುಗಿಸಿ, ಬಿ.ಎಡ್. ಮಾಡಿ ಟೀಚರ್ ಆಗುವ ಆಸೆ. ನಾವಿಬ್ಬರೂ ಒಂದೇ ಶಾಲೆಗೆ ಅರ್ಜಿ ಹಾಕುವುದೆಂದು ಮಾತಾಡಿಕೊಂಡಿದ್ದೆವು.

ಅವತ್ತು ಸಂಜೆ ಸಾಹುಕಾರರು ಟವೆಲು ಮಡಿಚಿ ಕೂತಿದ್ದರು. ಸುಮಂಗಲಾ ವಿಡಿಯೊ ಹಚ್ಚಲಿಲ್ಲ. ಸೆರಗು ಸರಿಮಾಡಿಕೊಂಡು ಅವರ ಮುಂದೆ ಬಂದು ನಿಂತಳು.

"ಅಬ್ಬಾಜಾನ್, ಇಜಾಜತ್ ಹೋ ತೋ ಕುಛ್ ಅರ್ಜ್ ಕರೂಂ?"

ಅಪ್ಪಣೆಯಾದರೆ ಒಂದು ಬಿನ್ನಹ, ಎಂದಂತೆ. ಸಾಹುಕಾರರ ಮುಖ ಅರಳಿತು. "ಇರ್ಷಾದ್!" ಎಂದರು, ಹೇಳು ಹೇಳು ಎಂಬಂತೆ.

ಹೇಳಿದಳು. ಎಲ್ಲವನ್ನೂ ಉರ್ದುವಿನಲ್ಲೇ, ದನಿ ಏರಿಸದೆ ಹೇಳಿದಳು. ನೀವು ನನ್ನನ್ನು ಇಷ್ಟು ಓದಿಸಿದಿರಿ, ಟೀಚರ್ ಆಗುವುದು ನನ್ನ ಖ್ವಾಹಿಶ್, ನನ್ನ ಆಸೆ, ಇನ್ನು ಸ್ವಲ್ಪ ಕಾಯಿರಿ, ಮದುವೆ ಬೇಡ ಎನ್ನುತ್ತಿಲ್ಲ, ಈಗ ಬೇಡ ಎನ್ನುತ್ತಿದ್ದೇನೆ ಎಂದಳು. ಸಾಹುಕಾರರು ಒಮ್ಮೆಯೂ ನಡುವೆ ಬಾಯಿ ಹಾಕಲಿಲ್ಲ. ಕಣ್ಣೀರು ಇಳಿಯಿತು, ಟವೆಲು ಮೇಲೇರಿತು. ನಾನು ಹೊಸ್ತಿಲಾಚೆ ಕಟ್ಟೆಯ ಮೇಲೆ ಕೂತಿದ್ದೆ. ಗೆದ್ದಳು ಎಂದೇ ಅಂದುಕೊಂಡೆ.

"ವಾಹ್ ವಾ!" ಎಂದರು ಸಾಹುಕಾರರು. "ಏನು ಮಾತು, ಏನು ತಹಜೀಬ್, ಏನು ಸಂಸ್ಕಾರ! ಆ 'ಖ್ವಾಹಿಶ್' ಅನ್ನೋದು ಇನ್ನಷ್ಟು ಗಂಟಲದಾಗಿಂದ ಬರ್ಲಿ ಯವ್ವಾ." ಮೂಗು ಒರೆಸಿಕೊಂಡರು. "ಬರೋ ತಿಂಗಳ ಲಗ್ನ ಇಟ್ಕೊಂಡೀವಿ. ಮಾತು ಕೊಟ್ಟಾಗೇದ."

ಸುಮಂಗಲಾ ಆಗ ಕನ್ನಡಕ್ಕೆ ಬಂದಳು. "ಯಪ್ಪಾ, ಅದಬಿನಿಂದ ಕೇಳಿದ್ರ ಯಾವ ಅಪ್ಪ ಇಲ್ಲ ಅಂತಾನ ಅಂತ ನೀನ ಅಂದಿದ್ದಿ. ಕೊನೀ ಕಂತಿನ್ಯಾಗ ಹುಡುಗೀನ ಇಲಿ ಮಾಡಾಂವ ಅಂಜುಬುರಕ ಅಂತ ನೀನ ಅಂದಿದ್ದಿ. ಈಗ ಬರಿಯಾಕತ್ತಾಂವ ಯಾರು?"

ಸಾಹುಕಾರರಿಗೆ ಮಾತು ತೀರಿತು. ಆಗ ಅವರ ಬಲಗೈ ಮೆಲ್ಲಗೆ ಎದ್ದು ಎದೆಯ ಮೇಲೆ ಬಂತು. ಇದ್ದ ಒಂದೇ ಸೋಫಾದ ಮೇಲೆ ಒರಗಿದರು. ಗೌರವ್ವ ಚೀರಿದಳು. ನಾನು ಡಾಕ್ಟರರನ್ನು ಕರೆತರಲು ಓಡಿದೆ. ಅವರು ಬಂದು ನಾಡಿ ಹಿಡಿದು, ಹೊಟ್ಟೆ ಒತ್ತಿ, "ಮಧ್ಯಾಹ್ನ ಏನು ಊಟ ಮಾಡಿದ್ರಿ?" ಎಂದು ಕೇಳಿದರು. ಗ್ಯಾಸಿನ ಗುಳಿಗೆ ಕೊಟ್ಟು ಹೋದರು. ಅಷ್ಟರಲ್ಲಿ ಸುಮಂಗಲಾ ಅಪ್ಪನ ಕಾಲು ಹಿಡಿದು ಹೂಂ ಅಂದಾಗಿತ್ತು.

ನನಗೆ ಬಂದ ಸಿಟ್ಟು ಇವತ್ತಿಗೂ ಪೂರ್ತಿ ಇಳಿದಿಲ್ಲ. ನಾಟಕದಲ್ಲಿ ಯಾವ್ಯಾವುದು ಕಳಪೆ ಎಂದು ವರ್ಷಗಟ್ಟಲೆ ನಮಗೆ ಪಾಠ ಹೇಳಿದ ಮನುಷ್ಯ, ತಮಗೆ ಬೇಕಾದಾಗ ಅದನ್ನೇ ತೆಗೆದು ಬಳಸಿದರು. ಮದುವೆಯಾಯಿತು. ನಾನು ಬಿ.ಎ. ಮುಗಿಸಿ, ಬಿ.ಎಡ್. ಮಾಡಿ, ಮಾನ್ವಿಯಲ್ಲಿ ಟೀಚರ್ ಆದೆ. ನನ್ನ ಪಕ್ಕದ ಬೆಂಚಿನವಳು ದೇವದುರ್ಗದಲ್ಲಿ ಕಾಳು ಹಸನು ಮಾಡುತ್ತಿದ್ದಳು.

ಆದರೆ ಸುಮಂಗಲಾ ಒಂದು ಕೆಲಸ ಮಾಡಿದಳು. ಮದುವೆಯಾದ ಮೇಲೆ ಅಪ್ಪನ ಜೊತೆ ಕನ್ನಡದಲ್ಲಿ ಮಾತಾಡಲೇ ಇಲ್ಲ. ತವರಿಗೆ ಬಂದಾಗ ತಾಯಿಯ ಜೊತೆ ಕನ್ನಡ, ನನ್ನ ಜೊತೆ ಕನ್ನಡ, ಆಕಳಿನ ಜೊತೆಯೂ ಕನ್ನಡ. ಅಪ್ಪ ಎದುರಾದರೆ "ಅಬ್ಬಾಜಾನ್, ಆಪ್ ಕೀ ತಬೀಯತ್ ಕೈಸೀ ಹೈ?" ಎಂದು ಆರೋಗ್ಯ ವಿಚಾರಿಸುವಳು. ಚಹಾ ಕೊಡುವಾಗ ಉರ್ದು, ಹೊರಡುವಾಗ ಉರ್ದು. ದನಿ ಏರಿಸುತ್ತಿರಲಿಲ್ಲ, ಅವರ ಮಾತು ಮುಗಿಯುವವರೆಗೂ ಕಾಯುತ್ತಿದ್ದಳು. ಮೊದಮೊದಲು ಸಾಹುಕಾರರು ಹಿಗ್ಗಿದರು. ಆಮೇಲೆ ನಾಟಕದ ಕ್ಯಾಸೆಟ್ಟು ತರಿಸುವುದನ್ನು ಬಿಟ್ಟರು.

ನಾನು ಅವರನ್ನು ಕೊನೆಯ ಸಲ ಕಂಡದ್ದು ಒಂದು ರವಿವಾರ. ಆಗಲೂ ಒಳಗೆ ಕರೆಯಲಿಲ್ಲ, ತಾವೇ ಹೊರಗೆ ಬಂದು ಕಟ್ಟೆಯ ಮೇಲೆ ನನ್ನ ಪಕ್ಕ ಕೂತರು.

"ಟೀಚರವ್ವಾ, ನೀ ಆಕೀಗೆ ಒಂದು ಮಾತು ಹೇಳಬೇಕು."

"ಏನ್ರೀ?"

"ಒಂದ್ಸಲ ಬೈ ಅನ್ನು ನನಗ. ಯಪ್ಪಾ, ನೀ ಕೆಟ್ಟಾಂವ ಅನ್ಲಿ. ಮಾರಿಮ್ಯಾಲ ಬೈಲಿ. ಕನ್ನಡದಾಗ ಬೈಲಿ." ಕಣ್ಣು ತುಂಬಿತ್ತು. ಈ ಸಲ ಟವೆಲು ಮಡಿಚಿಟ್ಟುಕೊಂಡು ತಯಾರಾಗಿರಲಿಲ್ಲ, ಕೈಯಿಂದಲೇ ಒರೆಸಿಕೊಂಡರು. ನಾನು ಈ ಮಾತನ್ನು ಸುಮಂಗಲಾಗೆ ಮುಟ್ಟಿಸಿದೆ. "ನೋಡೂಣು" ಎಂದಳು, ಅಷ್ಟೇ.

ಮುಂದಿನ ಬೇಸಿಗೆಯಲ್ಲಿ ಅವರು ಗಿರಣಿಯಲ್ಲಿ ಎದೆ ಹಿಡಿದುಕೊಂಡು ಕೂತರು. ಗ್ಯಾಸಿನ ಗುಳಿಗೆಯ ಕತೆ ಕೇಳಿದ್ದ ಹಮಾಲರು ಮೊದಲು ನಂಬಲಿಲ್ಲ.

ನಾನು ಮಾನ್ವಿಯಿಂದ ಬರುವ ಹೊತ್ತಿಗೆ ದೇಹವನ್ನು ಗೋಡೆಗೆ ಒರಗಿಸಿ ಕೂರಿಸಿದ್ದರು. ಹಣೆಯ ತುಂಬ ವಿಭೂತಿ. ಗೌರವ್ವ ಅವರ ಟವೆಲನ್ನು ಮಡಿಚಿ ತೊಡೆಯ ಮೇಲೆ ಇಟ್ಟಿದ್ದಳು. ಸುಮಂಗಲಾ ದೇವದುರ್ಗದ ಬಸ್ಸಿಳಿದು ಬಂದು ಎದುರಿಗೆ ನಿಂತಳು. ಸೆರಗು ಸರಿಮಾಡಿಕೊಳ್ಳಲಿಲ್ಲ.

"ಯಪ್ಪಾ! ಆವತ್ತಿನಂಗ ಸುಳ್ಳು ಕುಂತಿ ಏನೋ? ಏಳು! ನಂಗ ಮೋಸ ಮಾಡಿದಿ ನೀ, ಸುಳ್ಳು ಎದಿನೋವು ಮಾಡಿ ಮೋಸ ಮಾಡಿದಿ. ಬೈತೀನಿ, ಎದ್ದು ಕೇಳು ಯಪ್ಪಾ!"

ಅಷ್ಟು ವರ್ಷ ಹಿಡಿದಿಟ್ಟ ಬೈಗುಳವನ್ನೆಲ್ಲ ಬೈದಳು. ಸುತ್ತ ಇದ್ದವರು ಅವಳ ಮಾತು ಮುಗಿಯುವ ತನಕ ಕಾದರು. ಸಾಹುಕಾರರೂ ಕಾಯುತ್ತಿರುವಂತೆಯೇ ಕೂತಿದ್ದರು.

ನಾನು ಹೊಸ್ತಿಲು ದಾಟಿ ಒಳಗೆ ಹೋದೆ. ಅವರ ತೊಡೆಯ ಮೇಲಿನ ಟವೆಲು ತೆಗೆದು ಅವಳ ಕೈಗೆ ಕೊಟ್ಟೆ.