ಪ್ರಾಂಪ್ಟರ್ ದೀಪ ಆರಿಸಿದ ಮಧ್ಯಾಹ್ನ

ನಾಟಕದ ಕಂಪನಿಯಲ್ಲಿ ಅವನನ್ನು ಎಲ್ಲರೂ ಪ್ರಾಂಪ್ಟರ್ ಅಂತಲೇ ಕರೆಯುತ್ತಿದ್ದರು. ರಂಗದ ಪಕ್ಕದ ಮರೆಯಲ್ಲಿ ಕುಳಿತು, ನಟರು ಮಾತು ಮರೆತಾಗ ಪಿಸುದನಿಯಲ್ಲಿ ಎತ್ತಿಕೊಡುವುದು ಅವನ ಕೆಲಸ. ಅವನ ಪ್ರಕಾರ ನಟರೆಂದರೆ ಬರೀ ತುಟಿಯಾಡಿಸುವವರು, ನಾಟಕ ಆಡುವವನು ತಾನು. ಸಭೆ ಚಪ್ಪಾಳೆ ತಟ್ಟಿದರೆ ಕತ್ತಲಲ್ಲೇ ಎದ್ದು ನಿಂತು, ಹೆಗಲ ಮೇಲಿನ ಟವೆಲ್ಲು ಸರಿಮಾಡಿಕೊಂಡು, ತಲೆ ಬಾಗಿಸುತ್ತಿದ್ದ. ಒಮ್ಮೆ ಹಾಗೆ ಬಾಗುವಾಗ ಕಂಬಕ್ಕೆ ಹಣೆ ಬಡಿಯಿತು. ‘ಕಲೆಗಾಗಿ ರಕ್ತ ಸುರಿಸಿದೀನಿ’ ಎಂದು ವರ್ಷವಿಡೀ ಹೇಳಿಕೊಂಡು ತಿರುಗಿದ. ಎದ್ದದ್ದು ಬುಗುಟು ಮಾತ್ರ.

ಅವನ ಹೆಂಡತಿ ಅದೇ ಕಂಪನಿಯ ನಾಯಕಿ. ಬೆಳಿಗ್ಗೆ ಅವಳು ತರಕಾರಿ ಹೆಚ್ಚುತ್ತಾ ತನ್ನ ಮಾತು ಒಪ್ಪಿಸುವಳು. ಅವನು ಅಡುಗೆಮನೆಯ ಬಾಗಿಲಿಗೊರಗಿ ನಾಯಕನ ಮಾತು ಓದುವನು. ‘ಪ್ರಿಯೆ’ ಎಂದು ಸ್ವಂತಕ್ಕೆ ಒಂದು ದಿನವೂ ಅಂದವನಲ್ಲ, ನಾಟಕದ ನೆಪದಲ್ಲಿ ದಿನಾ ಅನ್ನುತ್ತಿದ್ದ. ಅವಳಿಗೂ ಅದು ಗೊತ್ತು. ಬಾಯಿಪಾಠವಾದ ಮೇಲೂ, “ರೀ, ಇನ್ನೊಂದ್ಸಲ ಹೇಳಿ, ಎಲ್ಲೋ ತಪ್ತಿದೆ” ಅನ್ನುತ್ತಿದ್ದಳು.

ಹೊಟ್ಟೆಕಿಚ್ಚು ಹೊತ್ತಿದ್ದು ಹೊಸ ನಾಯಕ ಬಂದಮೇಲೆ. ಅವನಿಗೆ ರೂಪ ಧಾರಾಳ, ನೆನಪು ಸೊನ್ನೆ. ಮರೆಯಿಂದ ಏನು ಬಂದರೂ ಎತ್ತರದ ದನಿಯಲ್ಲಿ ಹೇಳಿಬಿಡುವುದೊಂದೇ ಅವನಿಗೆ ಬರುತ್ತಿದ್ದ ವಿದ್ಯೆ. ಒಮ್ಮೆ ಪ್ರಾಂಪ್ಟರ್ ಸೀನಿದ್ದಕ್ಕೆ ರಂಗದ ಮೇಲೆ ಅವನೂ ಸೀನಿದ್ದ.

“ಅವನು ನಿನ್ನನ್ನ ಅಕ್ಕ ಅಂತಾನಲ್ಲ, ಯಾಕೆ?” ಎಂದು ಪ್ರಾಂಪ್ಟರ್ ಒಂದು ದಿನ ಹೆಂಡತಿಯನ್ನು ಕೇಳಿದ.

“ನಾನು ಅವನಿಗಿಂತ ದೊಡ್ಡೋಳಲ್ವೇನ್ರಿ? ಮತ್ತೇನನ್ಬೇಕಿತ್ತು, ಅಜ್ಜಿ ಅಂತಾನಾ?”

“ರಂಗದ ಮೇಲೆ ಪ್ರಿಯೆ, ಕೆಳಗಿಳಿದ್ರೆ ಅಕ್ಕ. ಇದ್ರಲ್ಲಿ ನಾಟಕ ಯಾವ್ದು ಅಂತ?”

“ಪ್ರಿಯೆ ಅನ್ನೋದನ್ನ ಹೇಳ್ಕೊಡೋರು ನೀವೇ. ಅಕ್ಕ ಅನ್ನೋದೊಂದನ್ನ ಪಾಪ ಅವನೇ ಕಲ್ತಿದಾನೆ.”

ಪ್ರಾಂಪ್ಟರನ ಕಿಚ್ಚಿಗೆ ಸೀಮೆಎಣ್ಣೆ ಸುರಿದಂತಾಯಿತು.

ಆಗ ಆಡುತ್ತಿದ್ದದ್ದು ದುರಂತ ಪ್ರೇಮದ ನಾಟಕ. ಹಗೆಯ ಮನೆತನಗಳ ಇಬ್ಬರು ಗುಟ್ಟಾಗಿ, ಕತ್ತಲಲ್ಲಿ ಮಾತ್ರ ಭೇಟಿಯಾಗುತ್ತಾರೆ. ಯಾರೋ ದೀಪ ಹಿಡಿದು ಬಂದ ದಿನ ಇಬ್ಬರೂ ಸಾಯುತ್ತಾರೆ. ಭೇಟಿಯ ದೃಶ್ಯಕ್ಕೆ ರಂಗದ ಮೇಲೆ ತೆಳು ನೀಲಿ ಬೆಳಕು. ಸಭೆಗೆ ಎಲ್ಲ ಮಸುಕಾಗಿ ಕಾಣುತ್ತಿತ್ತು. ಪ್ರಾಂಪ್ಟರನಿಗೆ ಮಾತ್ರ ಏನೂ ಕಾಣುತ್ತಿರಲಿಲ್ಲ, ಏಕೆಂದರೆ ಓದುವುದಕ್ಕೆಂದು ಅವನ ಮೂಗಿನ ಮುಂದೆ ತಗಡಿನ ಮರೆಯ ಪುಟ್ಟ ಬಲ್ಬು ಉರಿಯುತ್ತಿತ್ತು. ಅದರಿಂದ ಕಣ್ಣೆತ್ತಿದರೆ ರಂಗವೆಲ್ಲ ಕಾಡಿಗೆ. ‘ಊರೆಲ್ಲ ನೋಡುತ್ತೆ, ಕಟ್ಕೊಂಡವನಿಗೆ ಮಾತ್ರ ಕಾಣ್ಸಲ್ಲ’ ಎಂದು ಕುದಿಯುತ್ತಿದ್ದ. ಆ ಕುದಿಯಲ್ಲೇ, ಇನ್ನೊಬ್ಬ ತನ್ನ ಹೆಂಡತಿಗೆ ಹೇಳಬೇಕಾದ ಮುದ್ದುಮಾತನ್ನು ಒಂದೊಂದಾಗಿ ಎತ್ತಿಕೊಡುತ್ತಲೂ ಇದ್ದ.

ಒಂದು ಭಾನುವಾರ, ಮಧ್ಯಾಹ್ನದ ಆಟದಲ್ಲಿ, ಆ ದೃಶ್ಯ ಬಂದೊಡನೆ ಬಲ್ಬು ಆರಿಸಿಬಿಟ್ಟ.

ಮಾತೇನೋ ಅವನಿಗೆ ಬಾಯಿಗೇ ಬರುತ್ತಿತ್ತು. ಆದರೆ ಜೀವವೆಲ್ಲ ಕಣ್ಣಿಗೆ ಬಂದು ಕುಳಿತರೆ ಬಾಯಿ ಏನು ಮಾಡೀತು? ನಾಯಕ ಅರ್ಧಕ್ಕೆ ನಿಂತ. ಮರೆಯತ್ತ ತಿರುಗಿದ. ಅಲ್ಲಿ ಬೆಳಕೂ ಇಲ್ಲ, ದನಿಯೂ ಇಲ್ಲ. ನಾಯಕಿ ಮುಂದೆ ಸರಿದು, ಅವನ ಭುಜಕ್ಕೆ ಮುಖವಿಟ್ಟಂತೆ ಮಾಡಿ, ಅಡುಗೆಮನೆಯಲ್ಲಿ ದಿನಾ ಕೇಳಿದ ಮಾತನ್ನು ಅವನ ಕಿವಿಯಲ್ಲಿ ಉಸುರಿದಳು.

ಪ್ರಾಂಪ್ಟರನ ಕಣ್ಣು ಕತ್ತಲಿಗೆ ಹೊಂದಿಕೊಂಡದ್ದು ಸರಿಯಾಗಿ ಆಗಲೇ.

“ದೂರ ನಿಲ್ಲೇ! ನಾಚಿಕೆ ಆಗಲ್ವಾ ನಿಂಗೆ?” ಎಂದು ಹಲ್ಲು ಕಚ್ಚಿ ಗದರಿದ.

ಅಂತೂ ಮರೆಯಿಂದ ಮಾತು ಬಂತಲ್ಲ! ನಾಯಕನಿಗೆ ಹೋದ ಜೀವ ಬಂದಂತಾಯಿತು. ಎದೆಯುಬ್ಬಿಸಿ, ಎರಡೂ ಕೈ ಎತ್ತಿ, ಕೊನೆಯ ಸಾಲಿಗೂ ಮುಟ್ಟುವಂತೆ ಘೋಷಿಸಿದ: “ದೂರ ನಿಲ್ಲೇ! ನಾಚಿಕೆ ಆಗಲ್ವಾ ನಿಂಗೆ?”

ಸಭೆ ಬಿದ್ದು ಬಿದ್ದು ನಕ್ಕಿತು. “ಮನೆ ಜಗಳ ಕಣ್ರೋ!” ಎಂದು ಯಾರೋ ಕೂಗಿದರು. ಅವಳಿಗೆ ಆ ಮಾತು ಯಾರದೆಂದು ತಿಳಿಯಿತು. ದೂರ ಸರಿದು ನಿಂತಳು. ಉಳಿದ ಮಾತೆಲ್ಲ ಒಂದೂ ತಪ್ಪದೆ ಹೇಳಿ, ಸಾಯಬೇಕಾದ ಜಾಗದಲ್ಲಿ ಸತ್ತಳು.

ಪರದೆ ಬಿದ್ದಮೇಲೆ ನಾಯಕ ಓಡಿಬಂದ. “ಏನಣ್ಣಾ, ಹೊಸಾ ಡೈಲಾಗು ಸೇರ್ಸಿದ್ರೆ ಮೊದ್ಲೇ ಹೇಳ್ಬಾರ್ದಾ? ಅಕ್ಕ ಪಾಪ ಹಳೇದನ್ನೇ ಹೇಳ್ಕೊಡ್ತಾ ಇದ್ರು!”

ಪ್ರಾಂಪ್ಟರ್ ಟವೆಲ್ಲಿನಿಂದ ಮುಖ ಒರೆಸಿಕೊಂಡ. ತುಂಬಾ ಹೊತ್ತು ಒರೆಸಿಕೊಂಡ.

ಮಾರನೆಯ ಬೆಳಿಗ್ಗೆ ಅಡುಗೆಮನೆಯ ಬಾಗಿಲಿಗೆ ಬಂದು, “ಎಲ್ಲಿಂದ ಶುರು ಮಾಡ್ಲೇ?” ಎಂದು ಕೇಳಿದ.

“ಬೇಡ. ನಂಗೆ ಬಾಯಿಪಾಠ ಆಗಿದೆ.”

“ಎಲ್ಲೋ ತಪ್ತಿದೆ ಅಂತಿದ್ಯಲ್ಲ?”

“ತಪ್ತಿರ್ಲಿಲ್ಲ” ಎಂದಳು. “ಸ್ವಲ್ಪ ಸರೀರಿ, ಎಣ್ಣೆ ಸಿಡಿಯುತ್ತೆ.”

ಅವಳು ಮನೆ ಬಿಡಲಿಲ್ಲ, ಮಾತೂ ಬಿಡಲಿಲ್ಲ. ಬಾಡಿಗೆ, ತರಕಾರಿ, ಅವನ ಹಲ್ಲುನೋವು ಎಲ್ಲ ಮಾತಿಗೆ ಬರುತ್ತಿತ್ತು. ಇನ್ನೊಂದ್ಸಲ ಹೇಳಿ ಅನ್ನುವುದೊಂದು ಬರಲಿಲ್ಲ. ಪ್ರಾಂಪ್ಟರ್ ಆಟದಲ್ಲಿ ‘ಪ್ರಿಯೆ’ ಬಂದಾಗಲೆಲ್ಲ ಬೇಕಾದ್ದಕ್ಕಿಂತ ಜೋರಾಗಿ ಎತ್ತಿಕೊಡಲು ಶುರುಮಾಡಿದ. ಮುಂದಿನ ಸಾಲಿನವರು ಕಂಪನಿಯ ಯಜಮಾನರಿಗೆ ದೂರು ಕೊಟ್ಟರು. ಕೇಳಿಸಬೇಕಾದವಳು ನಾಯಕನ ಮುಖ ನೋಡುತ್ತಾ, ತನ್ನ ಮಾತಿನ ಸರದಿಗೆ ಕಾಯುತ್ತಿದ್ದಳು.