ಅಳತೆ ಫೋಲ್ಡರಿನ ಬೀಗ

ಬರ್ಲಿಂಗ್ಟನ್ನಿನ ನಮ್ಮ ಬೇಸ್‌ಮೆಂಟಲ್ಲಿ ಇವತ್ತು ಹೊಲಿಗೆ ಮೆಷಿನ್ನಿಗೆ ಎಣ್ಣೆ ಬಿಡುತ್ತಿದ್ದೆ. ಆ ವಾಸನೆಗೆ ಉಡುಪಿಯ ಮನೆಯ ಮೊದಲ ಕಂಪ್ಯೂಟರ್ ನೆನಪಾಯಿತು. ಅದು ಇದ್ದದ್ದು ಅಮ್ಮನ ಹೊಲಿಗೆ ಮೆಷಿನ್ನಿನ ಪಕ್ಕದಲ್ಲೇ. ಕಂಪ್ಯೂಟರಿನ ಮೇಲೆ ಅಮ್ಮ ರವಿಕೆ ತುಂಡುಗಳನ್ನು ಜೋಡಿಸಿ ಹೊಲಿದ ಹೊದಿಕೆ.

ಪಾಸ್‌ವರ್ಡ್ ಮಾತ್ರ ಅಣ್ಣನದು. ಅಪ್ಪ ಅವನನ್ನೇ ಅಡ್ಮಿನಿಸ್ಟ್ರೇಟರ್, ಅಂದರೆ ಕಂಪ್ಯೂಟರಿನ ಯಜಮಾನ, ಮಾಡಿಸಿದ್ದರು. ಆದರೆ ಗಿರಾಕಿಗಳ ರವಿಕೆ ಅಳತೆಯನ್ನೆಲ್ಲ ಕೂತು ಟೈಪ್ ಮಾಡಿದವಳು ನಾನು. ಇನ್ನು ಕಂಪ್ಯೂಟರಲ್ಲೇ ಉಂಟಲ್ಲ ಎಂದು ಅಮ್ಮ ಅಳತೆ ಪುಸ್ತಕವನ್ನು ಬಚ್ಚಲೊಲೆಗೆ ಹಾಕಿದ್ದಳು.

ಒಂದು ದಿನ ಅಣ್ಣ ಕಂಪ್ಯೂಟರಿಗೆ ಸಿಸ್ಟಮ್ ಹೊಸದಾಗಿ ಹಾಕಿದ. ನನ್ನ ಫೋಲ್ಡರ್ ಮಾತ್ರ ಹಳೆಯ ಅಕೌಂಟಿನ ಹೆಸರಲ್ಲೇ ಉಳಿಯಿತು. ಕಣ್ಣಿಗೆ ಕಾಣುತ್ತಿತ್ತು, ಒತ್ತಿದರೆ ‘ಆಕ್ಸೆಸ್ ಡಿನೈಡ್’, ತೆರೆಯಲು ಅನುಮತಿ ಇಲ್ಲ.

“ಹೋಯ್ತು, ಇನ್ನೊಮ್ಮೆ ಟೈಪ್ ಮಾಡು,” ಅಂದ ಅಣ್ಣ.

“ನೀನು ಮುಟ್ಟಬೇಡ, ಹಾಳಾಗ್ತದೆ,” ಅಂದರು ಅಪ್ಪ, ನಾನೇ ಸರಿಮಾಡಿ ನೋಡ್ತೇನೆ ಎಂದದ್ದಕ್ಕೆ. ಮದುವೆ ಸೀಸನ್ ಎದುರಿಗೇ ಇತ್ತು.

ಭಾನುವಾರ ಅವರಿಬ್ಬರೂ ಮೀನು ತರಲು ಹೋದರು. ಅಮ್ಮ ಹೊರಬಾಗಿಲಲ್ಲಿ ಕಾವಲು ನಿಂತಳು. “ನೀನು ಒತ್ತು, ನಾನಿದ್ದೇನೆ.”

ಗೆಳತಿಯ ಅಕ್ಕ ಚೀಟಿಯಲ್ಲಿ ಬರೆದುಕೊಟ್ಟ ಹಾಗೆ, ಕಂಪ್ಯೂಟರ್ ಶುರುವಾಗುವಾಗಲೇ ಎಫ್8 ಒತ್ತಿ ಸೇಫ್ ಮೋಡಿಗೆ ಹೋದೆ. ಅಲ್ಲಿದ್ದ ಅಡ್ಮಿನಿಸ್ಟ್ರೇಟರ್ ಅಕೌಂಟಿಗೆ ಅಣ್ಣ ಪಾಸ್‌ವರ್ಡೇ ಇಟ್ಟಿರಲಿಲ್ಲ. ಫೋಲ್ಡರನ್ನು ನನ್ನ ಹೆಸರಿಗೆ ಮಾಡಿಕೊಂಡೆ, ಅಳತೆಗಳೆಲ್ಲ ತೆರೆದುಕೊಂಡವು. ಅಷ್ಟಕ್ಕೇ ಬಿಡಲಿಲ್ಲ. ಅಮ್ಮನನ್ನು ಅಡ್ಮಿನಿಸ್ಟ್ರೇಟರ್ ಮಾಡಿ ಅಣ್ಣನಿಗೆ ನೆಂಟರಿಗೆ ಕೊಡುವ ಗೆಸ್ಟ್ ಅಕೌಂಟ್ ಮಾತ್ರ ಉಳಿಸಿದೆ.

“ಇದಕ್ಕೆ ಕೈ ಹಾಕಿದ್ದು ಯಾರು?” ಮನೆಗೆ ಬಂದ ಅಪ್ಪ, ಅಣ್ಣನ ಪಾಸ್‌ವರ್ಡ್ ಹಿಡಿಯದ್ದು ಕಂಡು ಕೇಳಿದರು.

“ನಾನು ಹಾಕಿಸಿದ್ದು,” ಅಂದಳು ಅಮ್ಮ, ಸೂಜಿಗೆ ದಾರ ಪೋಣಿಸುತ್ತಾ.

ಇಲ್ಲಿ ಬೇಸ್‌ಮೆಂಟಲ್ಲಿ ಎಣ್ಣೆ ಕೈ ಒರೆಸಿಕೊಳ್ಳುತ್ತಿದ್ದಾಗ ಮಗಳು ಲ್ಯಾಪ್‌ಟಾಪ್ ಹಿಡಿದು ಕೆಳಗಿಳಿದು ಬಂದಳು. “ಮಾಮ್, ಇಟ್ ನೀಡ್ಸ್ ಡ್ಯಾಡ್ಸ್ ಪಾಸ್‌ವರ್ಡ್.”

ಅವಳ ಅಪ್ಪ ಮೇಲೆ ಟಿವಿ ನೋಡುತ್ತಿದ್ದರು.

“ಕೂತ್ಕೋ, ಹೇಳಿಕೊಡ್ತೇನೆ,” ಅಂದೆ. ಹೋಗಿ ಮೆಟ್ಟಿಲಿಗೆ ಅಡ್ಡ ನಿಂತೆ.