ಮೂರನೇ ಮಹಡಿಯ ಕಿವಿಯಕ್ಕ

ಬೆಳಗಿನ ಐದೂ ಮುಕ್ಕಾಲು. ಮಾರುಕಟ್ಟೆ ಕಟ್ಟಡದ ಮೂರನೇ ಮಹಡಿಯಲ್ಲಿ, ಮೆಟ್ಟಿಲು ಮುಗಿಯುವ ಕಡೆ ಇರುವ ಪುಟ್ಟ ಕೋಣೆಯಲ್ಲಿ ಮಾತ್ರ ದೀಪ ಉರಿಯುತ್ತಿದೆ. ಕಿವಿಯಕ್ಕ ಫ್ಯಾನ್ ಆರಿಸುತ್ತಾರೆ. ಗೋಡೆ ಗಡಿಯಾರವನ್ನು ಮೊಳೆಯಿಂದ ಇಳಿಸಿ ಹೊರಗೆ ಮೆಟ್ಟಿಲ ಮೇಲೆ ಇಟ್ಟು ಬರುತ್ತಾರೆ. ಕೈಬಳೆ ತೆಗೆದು ಮೇಜಿನ ಡ್ರಾಯರಿಗೆ ಹಾಕುತ್ತಾರೆ. ಆಮೇಲೆ, ಪೆಟ್ಟಿಗೆಯಿಂದ ಬಿಚ್ಚಿಟ್ಟ ಅಂಗೈಯಗಲದ ಹಾರ್ಡ್ ಡಿಸ್ಕಿಗೆ ವೈರ್ ಸಿಕ್ಕಿಸಿ, ಎಡಗಿವಿಯನ್ನು ಅದರ ಮೇಲೆ ಮೆಲ್ಲಗೆ ಊರುತ್ತಾರೆ.

ಬಾಗಿಲ ಬಳಿ ನಿಂತ ಗಿರಾಕಿ ಗಂಟಲು ಸರಿಮಾಡಿಕೊಳ್ಳುತ್ತಾರೆ.

"ಉಸಿರು ಬೇಕಾದ್ರೆ ಬಿಡಿ ಸಾರ್, ಕೆಮ್ಮಬೇಡಿ," ಎನ್ನುತ್ತಾರೆ ಅಕ್ಕ, ಕಣ್ಣು ತೆರೆಯದೆ.

ಈ ಹೊತ್ತಿಗೇ ಏಕೆ ಎಂದರೆ, ಏಳಕ್ಕೆ ಕೆಳಗಿನ ವೆಲ್ಡಿಂಗ್ ಅಂಗಡಿಯ ಷಟರ್ ಏಳುತ್ತದೆ. ಅದರ ಹಿಂದೆಯೇ ಬಸ್ಸುಗಳು, ಕೈಗಾಡಿಗಳು, ಎದುರಿನ ಮೊಬೈಲ್ ಅಂಗಡಿಯ ಹಾಡು. ಕಂಪ್ಯೂಟರಿಗೆ ಸಿಕ್ಕಿಸಿದರೂ ಕಾಣಿಸಿಕೊಳ್ಳದ ಡಿಸ್ಕು ಒಳಗೆ ತಿರುಗುತ್ತಿದೆಯೋ, ಮುಗ್ಗರಿಸುತ್ತಿದೆಯೋ, ಸುಮ್ಮನೆ ಬಿದ್ದಿದೆಯೋ ಎಂಬುದನ್ನು ಅವರು ಸದ್ದಿನಲ್ಲೇ ಹಿಡಿಯಬೇಕು. ಆ ಸದ್ದು ಗುಬ್ಬಚ್ಚಿಯ ರೆಕ್ಕೆಯಷ್ಟು ಸಣ್ಣದು. ಹಾಗಾಗಿ ಹದಿನಾಲ್ಕು ವರ್ಷಗಳಿಂದ ಅಕ್ಕ ನಾಲ್ಕೂವರೆಗೆ ಏಳುತ್ತಿದ್ದಾರೆ. ಕಣ್ಣ ಕೆಳಗಿನ ಕಪ್ಪು ಈಗ ಮುಖದ ಬಣ್ಣವೇ ಆಗಿಬಿಟ್ಟಿದೆ.

ಇವತ್ತಿನ ಗಿರಾಕಿ ಕೃತಕ ಕಾಲು ಮಾಡುವವರು. ಅವರ ಬೀದಿಯಲ್ಲಿ ಎಲ್ಲರೂ ಕಾಲು ಮೇಷ್ಟ್ರು ಎನ್ನುತ್ತಾರೆ. ಶರ್ಟಿನ ಮೇಲೆ, ಹುಬ್ಬಿನ ಮೇಲೆ, ಕಿವಿಯ ಮಡಿಕೆಗಳಲ್ಲಿ ಬಿಳಿ ಪ್ಲಾಸ್ಟರ್ ಪುಡಿ. ಹೊಸ ಕಾಲಿಗಾಗಿ ಎಂಟು ತಿಂಗಳಲ್ಲಿ ಬಂದು ಅಳತೆ ಕೊಟ್ಟುಹೋದ ಇನ್ನೂರ ಹನ್ನೆರಡು ಜನರ ಕಾಲಿನ ಚಿತ್ರ, ಲೆಕ್ಕವೆಲ್ಲ ಈ ಒಂದೇ ಡಿಸ್ಕಿನಲ್ಲಿದೆ. ಇನ್ನೊಂದು ನಕಲಿಲ್ಲ. ಇದು ಹೋದರೆ ಅಷ್ಟೂ ಜನ ಊರುಗೋಲು ಹಿಡಿದು, ಎರಡು ಮೂರು ಬಸ್ಸು ಬದಲಿಸಿ ಮತ್ತೆ ಬರಬೇಕು.

"ನಿನ್ನೆ ಸಂಜೆ ಕೊಟ್ಟು ಹೋದೆ. ನಿದ್ದೆ ಬರ್ಲಿಲ್ಲಮ್ಮ. ಕಣ್ಣು ಮುಚ್ಚಿದ್ರೆ ಎಲ್ಲರೂ ಸಾಲಾಗಿ ನಿಂತ ಹಾಗೆ ಕಾಣ್ತಿದ್ರು," ಎನ್ನುತ್ತಾರೆ ಮೇಷ್ಟ್ರು.

ನಿನ್ನೆ ಅಕ್ಕ ಮೊದಲು ವೈರ್ ಬದಲಿಸಿ ನೋಡಲು ಹೋಗಿದ್ದರು. ವೈರ್ ಒಳಗೇ ಹೋಗಲಿಲ್ಲ. ಭೂತಗನ್ನಡಿ ಹಿಡಿದು ನೋಡಿದರೆ ಸಿಕ್ಕಿಸುವ ಕಿಂಡಿಯೊಳಗೆ ಕಲ್ಲಿನಂಥದೇನೋ ಕೂತಿತ್ತು. ವಿಚಾರಿಸಿದಾಗ ವಿಷಯ ಹೊರಬಂತು. ಕಿಂಡಿಯಲ್ಲಿ ಪುಡಿ ಕೂತಿದೆ ಎಂದು ಮೇಷ್ಟ್ರು ದಿನಾ ಬಾಯಿಂದ ಊದುತ್ತಿದ್ದರು. ಬಾಯಿಯ ಹಸಿಗಾಳಿಗೆ ಪ್ಲಾಸ್ಟರ್ ಗಟ್ಟಿಯಾಗಿತ್ತು. ಅದರ ಮೇಲೆ ವೈರನ್ನು ಒತ್ತಿ ಒತ್ತಿ ಒಳಗಿನ ಪಿನ್ನುಗಳು ಮಡಚಿಕೊಂಡಿದ್ದವು.

"ಮೂವತ್ತು ವರ್ಷದಿಂದ ಪ್ಲಾಸ್ಟರ್ ಕಲಸೋರು ನೀವು. ನೀರು ತಾಗಿದ್ರೆ ಅದು ಏನಾಗುತ್ತೆ ಅಂತ ನಾನು ಹೇಳಿಕೊಡಬೇಕಾ?"

"ಮನೆಯವಳೂ ಇದನ್ನೇ ಕೇಳಿದ್ಲು," ಎಂದು ಮೇಷ್ಟ್ರು ತಲೆ ತಗ್ಗಿಸಿದ್ದರು.

ಹಾಗಾಗಿ ಹೊರಪೆಟ್ಟಿಗೆ ಬಿಚ್ಚಿ, ಕೆಟ್ಟ ಕಿಂಡಿಯ ಪುಟ್ಟ ಬೋರ್ಡು ಕಿತ್ತು, ಡಿಸ್ಕನ್ನು ಮಾತ್ರ ಉಳಿಸಿಕೊಂಡಿದ್ದಾರೆ. ಅದಕ್ಕೆ ಜೀವ ಇದೆಯೇ ಎಂಬುದೇ ಈ ಬೆಳಗಿನ ಪ್ರಶ್ನೆ.

ಅಕ್ಕ ಮೇಜಿನಿಂದ ತಲೆ ಎತ್ತುತ್ತಾರೆ. ಮುಖದಲ್ಲಿ ಏನೂ ಇಲ್ಲ. ಡಿಸ್ಕು ತಿರುಗಿಸಿಟ್ಟು ಮತ್ತೆ ಕಿವಿ ಊರುತ್ತಾರೆ. ಮತ್ತೆ ಏಳುತ್ತಾರೆ. ಮೇಷ್ಟ್ರು ಗೋಡೆಗೆ ಒರಗುತ್ತಾರೆ. ಗೋಡೆಯ ಮೇಲೆ ಅವರ ಬೆನ್ನಿನ ಬಿಳಿ ಅಚ್ಚು ಬೀಳುತ್ತದೆ.

ಈ ಕಿವಿ ತಯಾರಾಗಿದ್ದು ನೂಲಿನ ಗಿರಣಿಯಲ್ಲಿ. ಹತ್ತೊಂಬತ್ತನೇ ವಯಸ್ಸಿಗೆ ಅಲ್ಲಿ ಸೇರಿದವರು ಹದಿನೇಳು ವರ್ಷ ಯಂತ್ರಗಳ ನಡುವೆ ನಿಂತಿದ್ದರು. ಯಾವ ಕದಿರು ಹದ ತಪ್ಪಿದೆ ಎಂಬುದನ್ನು ನೂಲು ತುಂಡಾಗುವ ಮೊದಲೇ ಸದ್ದಿನಿಂದ ಹೇಳುತ್ತಿದ್ದರು. ಹತ್ತಿ ಉಂಡೆ ಕಿವಿಗಿಟ್ಟುಕೊಂಡರೆ ಆ ಸದ್ದು ಸಿಗುತ್ತಿರಲಿಲ್ಲ, ಹಾಗಾಗಿ ಇಟ್ಟುಕೊಳ್ಳಲಿಲ್ಲ. ಗಿರಣಿ ಮುಚ್ಚುವ ಹೊತ್ತಿಗೆ ಬಲಗಿವಿ ಹೋಗಿತ್ತು. "ಕಲಿತಿದ್ದೂ ಅಲ್ಲೇ, ಕಳ್ಕೊಂಡಿದ್ದೂ ಅಲ್ಲೇ. ಯಾರನ್ನು ಬೈಯೋದು ಹೇಳಿ," ಎಂದು ಅಕ್ಕ ಸಿಟ್ಟಿಲ್ಲದೆ ಕೇಳುತ್ತಾರೆ. ಕೆಲಸ ಹೋದವರಿಗೆ ಆರು ತಿಂಗಳು ಕಂಪ್ಯೂಟರ್ ರಿಪೇರಿ ಕಲಿಸಿದ್ದರು. ಹದಿನೆಂಟು ಹೆಂಗಸರು ಸೇರಿದ್ದರು. ಈ ಕೆಲಸದಲ್ಲಿ ಉಳಿದವರು ಇವರೊಬ್ಬರೇ.

ಈಗ ಎಡಗಿವಿಯೂ ಮಂದವಾಗುತ್ತಿದೆ. ಗಿರಾಕಿಗಳಿಗೆ ಇದು ಗೊತ್ತಿಲ್ಲ. ಅಕ್ಕ ಡ್ರಾಯರ್ ತೆಗೆದು, ಹಲ್ಲಿನ ಗುರುತುಗಳಿರುವ ಒಂದು ಮರದ ಪೆನ್ಸಿಲ್ ಎತ್ತಿಕೊಳ್ಳುತ್ತಾರೆ. ಹಿಂಬದಿಯನ್ನು ಹಲ್ಲಿನಲ್ಲಿ ಕಚ್ಚಿ, ಇನ್ನೊಂದು ತುದಿಯನ್ನು ಡಿಸ್ಕಿಗೆ ತಾಗಿಸಿ ಕಣ್ಣು ಮುಚ್ಚುತ್ತಾರೆ. ಕಿವಿಗೆ ಸಿಗದ ಸದ್ದು ಮರದಿಂದ ಹಲ್ಲಿಗೆ, ಹಲ್ಲಿನಿಂದ ತಲೆಯ ಎಲುಬಿಗೆ ಹರಿಯುತ್ತದೆ. ಒಂದು ನಿಮಿಷ. ಕೆಳಗೆಲ್ಲೋ ಒಂದು ಸೈಕಲ್ ಬೆಲ್.

"ತಿರುಗ್ತಿದೆ. ಮುಗ್ಗರಿಸೋ ಟಿಕ್ ಟಿಕ್ ಇಲ್ಲ," ಎನ್ನುತ್ತಾರೆ ಪೆನ್ಸಿಲ್ ತೆಗೆದು. "ಸಾರ್, ನೀವಿನ್ನು ಕೆಮ್ಮಬಹುದು."

ಅಕ್ಕನ ಮೇಜಿಗೆ ದಿನಕ್ಕೆ ಏಳೆಂಟು ಡಿಸ್ಕು ಬರುತ್ತವೆ. ಹತ್ತರಲ್ಲಿ ನಾಲ್ಕು ಬರೀ ವೈರಿನ ತಪ್ಪು. ಎರಡಕ್ಕೆ ಕರೆಂಟ್ ಸಾಲದು; ಒಂದೇ ಕಿಂಡಿಯಿಂದ ನಾಲ್ಕಾರು ವೈರ್ ಕವಲೊಡೆಸಿ ಸಿಕ್ಕಿಸಿರುತ್ತಾರೆ, ಕಂಪ್ಯೂಟರಿನ ಹಿಂಭಾಗಕ್ಕೆ ನೇರ ಹಾಕಿದರೆ ಕೆಲಸ ಮಾಡುತ್ತವೆ. ಒಂದರಲ್ಲಿ ಡಿಸ್ಕು ಒಳಗೆ ಬಂದು ಕೂತಿದ್ದರೂ ಕಂಪ್ಯೂಟರ್ ಅದಕ್ಕೆ ಡಿ, ಇ ಎಂಬಂಥ ಗುರುತಿನ ಅಕ್ಷರ ಕೊಟ್ಟಿರುವುದಿಲ್ಲ. ಕೊಟ್ಟರೆ ಎದ್ದು ಬರುತ್ತದೆ. ಇನ್ನೆರಡರಲ್ಲಿ ಪೆಟ್ಟಿಗೆಯ ಬೋರ್ಡು ಸುಟ್ಟಿರುತ್ತದೆ. ಕೊನೆಯದೊಂದು ನಿಜವಾಗಿ ಸತ್ತದ್ದು. ಅದನ್ನು ಹೇಳುವುದು ದಿನದ ಕಷ್ಟದ ಕೆಲಸ. "ತಿರುಗೋ ತಟ್ಟೆ ಇರೋ ಒಳಗೂಡನ್ನ ನಾನು ಬಿಚ್ಚಲ್ಲ. ಅದಕ್ಕೆ ಧೂಳಿಲ್ಲದ ಕೋಣೆ ಬೇಕು. ಬಿಚ್ಚಿ ನೋಡ್ತೀನಿ ಅಂತ ಆಸೆ ತೋರಿಸೋದು ಪಾಪ."

ಆರೂ ಕಾಲಿಗೆ ಡಿಸ್ಕನ್ನು ತಮ್ಮದೇ ಬೋರ್ಡಿನ ಮೂಲಕ ಕಂಪ್ಯೂಟರಿಗೆ ಜೋಡಿಸುತ್ತಾರೆ. ಪರದೆಯ ಮೇಲೆ ಚೌಕ ಮೂಡುತ್ತದೆ: ಈ ಡಿಸ್ಕನ್ನು ಬಳಸುವ ಮುನ್ನ ಫಾರ್ಮ್ಯಾಟ್ ಮಾಡಬೇಕು, ಮಾಡಲೇ? ಮೇಷ್ಟ್ರು ಖುಷಿಯಿಂದ ಮುಂದೆ ಬಾಗಿ, "ಬಂತು, ಬಂತು!" ಎನ್ನುತ್ತ ಮೌಸಿಗೆ ಕೈ ಹಾಕುತ್ತಾರೆ. ಅಕ್ಕ ಆ ಕೈಗೆ ಪೆನ್ಸಿಲಿನಿಂದ ಪಟ್ಟನೆ ಹೊಡೆಯುತ್ತಾರೆ.

"ಏನೂ ಒತ್ತಬೇಡಿ ಅಂತ ಬಾಗಿಲ ಮೇಲೇ ಬರೆದಿದ್ದೀನಲ್ಲ!"

"ಅದೇ ಕೇಳ್ತಿದೆಯಲ್ಲಮ್ಮ…"

"ಕೇಳಿದ್ದಕ್ಕೆಲ್ಲ ಹೂಂ ಅಂತೀರಾ? ಸಿಕ್ಕಿಸಿದ್ದು ಅಲ್ಲಾಡಿ ಅಲ್ಲಾಡಿ, ಯಾವ ಫೈಲ್ ಎಲ್ಲಿದೆ ಅನ್ನೋ ಪಟ್ಟಿ ಕೆಟ್ಟಿದೆ ಅಷ್ಟೆ. ಫೈಲ್‌ಗಳು ಅಲ್ಲೇ ಇವೆ. ನೀವು ಹೂಂ ಅಂದ್ರೆ ಅದು ಹೊಸ ಖಾಲಿ ಪಟ್ಟಿ ಬರ್ಕೊಂಡು ಕೂರುತ್ತೆ."

ಈ ಮಾತನ್ನು ಅವರು ವಾರಕ್ಕೆ ಇಪ್ಪತ್ತು ಸಲವಾದರೂ ಹೇಳುತ್ತಾರಂತೆ. ಹೇಳಿ ಹೇಳಿ ದನಿ ಸವೆದಿದೆ. 'ಬೇಡ' ಒತ್ತಿ, ಇಡೀ ಡಿಸ್ಕಿನ ನಕಲು ತೆಗೆಯಲು ಹಚ್ಚುತ್ತಾರೆ. ಮೊದಲು ನಕಲು, ಹುಡುಕಾಟವೆಲ್ಲ ನಕಲಿನಲ್ಲಿ. ಮೂಲವನ್ನು ಮತ್ತೆ ಮುಟ್ಟುವುದಿಲ್ಲ. ಒಂಬತ್ತು ಗಂಟೆ ಹಿಡಿಯುತ್ತದೆ ಎನ್ನುತ್ತದೆ ಪರದೆ. ಮನೆಗೆ ಹೋಗಿ ಬನ್ನಿ ಎಂದರೂ ಮೇಷ್ಟ್ರು ಹೋಗುವುದಿಲ್ಲ. ಸ್ಟೂಲಿನ ಮೇಲೆ ಕೂತಲ್ಲೇ ತೂಕಡಿಸುತ್ತಾರೆ.

ಮಧ್ಯಾಹ್ನ ಅಕ್ಕನ ಅತ್ತೆ ಊಟದ ಡಬ್ಬಿ ಹಿಡಿದು ಮೂರು ಮಹಡಿ ಹತ್ತಿ ಬರುತ್ತಾರೆ. ಎಪ್ಪತ್ತು ದಾಟಿದ ಜೀವ, ಪ್ರತಿ ಮಹಡಿಗೂ ಒಂದು ಬೈಗುಳ. ಮಗ, ಅಂದರೆ ಅಕ್ಕನ ಗಂಡ, ದೂರದ ಗೋದಾಮಿನ ಕಾವಲಿಗೆ ಹೋದವರು, ಮನೆಗೆ ಬರುವುದು ವಾರಕ್ಕೊಮ್ಮೆ. ಅವರ ಪಾಲಿನ ಬೈಗುಳವೂ ಸೊಸೆಗೇ.

"ಊರವರ ಡಬ್ಬಿ ಪಿಸುಗುಟ್ಟಿದ್ದು ಕೇಳುತ್ತೆ ಇವಳಿಗೆ. ಮನೇಲಿ ಕುಕ್ಕರ್ ಐದು ಸಲ ಕೂಗಿದ್ರೂ ಕೇಳಲ್ಲ," ಎಂದು ಮೇಷ್ಟ್ರಿಗೆ ದೂರು ಹೇಳುತ್ತಾರೆ.

"ಕುಕ್ಕರ್ ಕೂಗೋದು ನಿಮಗೆ ಅತ್ತೆ, ನನಗಲ್ಲ," ಎನ್ನುತ್ತಾರೆ ಅಕ್ಕ, ಪರದೆಯಿಂದ ಕಣ್ಣು ತೆಗೆಯದೆ.

ಅತ್ತೆ ನಗುವನ್ನು ಸೆರಗಿನಲ್ಲಿ ಒರೆಸಿಕೊಂಡು, ಡಬ್ಬಿಯ ಮುಚ್ಚಳಕ್ಕೆ ಅರ್ಧ ಊಟ ಬಡಿಸಿ ಮೇಷ್ಟ್ರ ಕೈಗಿಡುತ್ತಾರೆ. ಆಮೇಲೆ ಸೊಸೆಯ ಎಡಬದಿಗೆ ಹೋಗಿ ಕೂರುತ್ತಾರೆ. ಮಾತಾಡುವಾಗಲೆಲ್ಲ ಅವರು ಕೂರುವುದು ಆ ಬದಿಗೇ.

ನಕಲು ಮುಗಿಯುವಾಗ ನಾಲ್ಕು ಗಂಟೆ. ಹುಡುಕಾಟಕ್ಕೆ ಇನ್ನೊಂದೂವರೆ ಗಂಟೆ. ಪರದೆಯಲ್ಲಿ ಹೆಸರುಗಳ ಸಾಲು ಇಳಿಯತೊಡಗುತ್ತದೆ. ಅಕ್ಕ ಮೊದಲನೆಯದನ್ನು ತೆರೆದರೆ ಬೂದುಬಣ್ಣದ, ಮಂಡಿಯ ಕೆಳಗೆ ಮುಗಿದ ಕಾಲೊಂದು ಪರದೆಯಲ್ಲಿ ನಿಧಾನ ತಿರುಗುತ್ತದೆ. ಮೇಷ್ಟ್ರು ಸ್ಟೂಲಿನಿಂದ ಎದ್ದುಬಿಡುತ್ತಾರೆ.

"ಇದು ಬಳೆ ಅಂಗಡಿಯಮ್ಮನದು! ಎಡಗಾಲು. ನಡೀತಾ ಜಗಳ ಆಡೋ ಹೆಂಗಸು."

ಅಕ್ಕ ಒಂದೊಂದನ್ನೇ ತೆರೆಯುತ್ತಾರೆ, ಮೇಷ್ಟ್ರು ಒಂದೊಂದರ ಗುರುತು ಹೇಳುತ್ತಾರೆ. ಮುಗಿಯುವಾಗ ಇನ್ನೂರ ಒಂಬತ್ತು ಸರಿಯಾಗಿವೆ. ಮೂರು ತೆರೆಯುತ್ತಿಲ್ಲ. ಅಕ್ಕ ಆ ಮೂರನ್ನು ಬೇರೆ ಬೇರೆ ದಾರಿಯಲ್ಲಿ ಮತ್ತೆ ಮತ್ತೆ ಪ್ರಯತ್ನಿಸಿ, ಕಣ್ಣುಜ್ಜಿಕೊಂಡು ಹಿಂದಕ್ಕೆ ಒರಗುತ್ತಾರೆ.

"ಮೂರು ಹೋಯ್ತು ಸಾರ್. ನನ್ನ ಕೈಲಿ ಆಗ್ಲಿಲ್ಲ."

"ಮೂರು ಜನಾನಾ? ಅವರ ಮನೆಗೆ ನಾನೇ ಹೋಗಿ ಅಳತೆ ತರ್ತೀನಿ ಬಿಡಮ್ಮ," ಎನ್ನುತ್ತಾರೆ ಮೇಷ್ಟ್ರು. ಎರಡು ಹೊಸ ಡಿಸ್ಕುಗಳಲ್ಲಿ ಎಲ್ಲವನ್ನೂ ತುಂಬಿಸಿ, ಒಂದನ್ನು ಕೆಲಸದ ಕಡೆ, ಇನ್ನೊಂದನ್ನು ಮನೆಯಲ್ಲಿ ಇಡಬೇಕು ಎಂದು ಅಕ್ಕ ಆಣೆ ಮಾಡಿಸಿಯೇ ಕಳಿಸುತ್ತಾರೆ. ಊದಬಾರದು ಎಂದು ಮೆಟ್ಟಿಲವರೆಗೂ ಬಂದು ಕೂಗುತ್ತಾರೆ.

ಗಡಿಯಾರ ಮತ್ತೆ ಮೊಳೆಗೆ ಏರುತ್ತದೆ. ಏನು ಬೇಕು ಅನಿಸುತ್ತದೆ ಎಂದು ಕೇಳಿದರೆ ಅಕ್ಕ ಬಾಗಿಲ ಕಡೆ ಕೈ ತೋರಿಸುತ್ತಾರೆ. "ಈ ಕೋಣೆಗೆ ಒಂದು ದಪ್ಪ ಬಾಗಿಲು, ದಪ್ಪ ಗಾಜು. ಹೊರಗಿನ ಸದ್ದು ಒಳಗೆ ಬರಬಾರದು. ಆಗ ಏಳು ಗಂಟೆವರೆಗೂ ಮಲಗಬಹುದು. ಕಿವಿ ಇರೋವಷ್ಟು ದಿನ ಆದ್ರೂ."

ನಾಳೆ ಬೆಳಿಗ್ಗೆಗೆಂದು ಮೂರು ಡಿಸ್ಕು ಮೇಜಿನ ಮೇಲೆ ಕಾಯುತ್ತಿವೆ. ಹಲ್ಲಿನ ಗುರುತಿನ ಪೆನ್ಸಿಲನ್ನು ಅವುಗಳ ಪಕ್ಕ ಇಟ್ಟು, ದೀಪದ ಸ್ವಿಚ್ಚಿಗೆ ಕೈ ಹಾಕಿದವರು ಅಲ್ಲೇ ನಿಲ್ಲುತ್ತಾರೆ.

"ಇನ್ನೂರ ಒಂಬತ್ತು ಜನ ಇವತ್ತು ಅವರವರ ಮನೇಲಿ ಆರಾಮಾಗಿ ಕೂತಿದ್ದಾರೆ ನೋಡಿ. ಏನಾಗಿತ್ತು ಅಂತ ಒಬ್ಬರಿಗೂ ಗೊತ್ತಿಲ್ಲ."